ಪಹಣಿ ಇದ್ದವರ ಹೊಲಕ್ಕಷ್ಟೇ ಮಳಿ ಬಿತ್ತೇನು?

ಪೋಸ್ಟ್ ಉದ್ದ ಐತಿ. ಕೂಲಿಯವರ ಮನಿ ಲೆಕ್ಕ ಎರಡು ಸಾಲಿನ್ಯಾಗ ಮುಗಿಯೂದಿಲ್ಲ, ಅದಕ್ಕ. ಟೈಮ್ ಇದ್ದಾಗ ಓದ್ರಿ, ಆದ್ರ ಪೂರ್ತಿ ಓದ್ರಿ.

2025ರ ಮುಂಗಾರಿನಲ್ಲಿ ಧಾರವಾಡ ಜಿಲ್ಲೆಯ ಹೆಸರು ಬೆಳೆ ಏನಾಯ್ತು ಅನ್ನೋದು ನಿಮಗೆಲ್ಲ ಗೊತ್ತು. ಆಗಸ್ಟ್‌ನಲ್ಲಿ ಕಾಯಿ ಒಣಗಿ ಇನ್ನೇನು ಬಿಡಿಸಬೇಕು ಅನ್ನುವಾಗ ಮಳೆ ಹಿಡೀತು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲದಾಗ ಕಾಲಿಟ್ಟರ ಮೊಣಕಾಲ ತನಕ ಕೆಸರು. ಗಿಡದಾಗನ ಕಾಳು ಮೊಳಕಿ ಒಡದ್ವು. ಆಮೇಲೆ ಸಮೀಕ್ಷೆ ಆಯ್ತು, ಜಂಟಿ ಸಮೀಕ್ಷೆ ಆಯ್ತು, ಸೆಪ್ಟೆಂಬರ್ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರದ ಮಾರ್ಗಸೂಚಿ ದರದ ಮೇಲೆ ರಾಜ್ಯದಿಂದ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಕೊಡ್ತೀವಿ ಅಂದ್ರು. ಅಂದ್ರ ಮಳೆಯಾಶ್ರಿತ ಬೆಳೆಗೆ 8,500 ಇದ್ದದ್ದು 17,000. ನೀರಾವರಿಗೆ 25,500. ಬಹುವಾರ್ಷಿಕ ಬೆಳೆಗೆ 31,000. ಒಬ್ಬರಿಗೆ ಹೆಚ್ಚೆಂದರೆ ಎರಡು ಹೆಕ್ಟೇರ್.

ಅವತ್ತಿನಿಂದ ನಮ್ಮ ಕಡೆ ನಡೆಯುತ್ತಿರುವ ಜಗಳ ಒಂದೇ. ಕೇಂದ್ರ ಎಷ್ಟು ಕೊಟ್ಟಿತು, ರಾಜ್ಯ ಎಷ್ಟು ಕೊಟ್ಟಿತು, 17 ಸಾವಿರ ಸಾಕೋ ಸಾಲದೋ. ಚಹಾದಂಗಡಿಯಲ್ಲಿ ಅದೇ, ವಾಟ್ಸಾಪ್ ಗ್ರೂಪಿನಲ್ಲಿ ಅದೇ, ಟಿವಿಯಲ್ಲೂ ಅದೇ. ಎಷ್ಟು ಅಂತ ಕೇಳೋರು ಸಾವಿರ ಮಂದಿ. ಯಾರಿಗೆ ಅಂತ ಕೇಳೋರು ಯಾರೂ ಇಲ್ಲ. ನಾನು ಅದನ್ನ ಕೇಳಾಕ ಕುಂತೇನಿ.

ನಾನು ಒಂದು ಖಾಸಗಿ ಆಫೀಸಿನ ಗುಮಾಸ್ತ. ಹಗಲೆಲ್ಲ ಬೇರೆಯವರ ಬಿಲ್ಲು, ವೋಚರು. ಸಂಜೆ ಊರಿಗೆ ಬಂದರೆ ಕೇರಿಯವರ ಅರ್ಜಿ. ಆಧಾರ್ ಜೋಡಣೆ, ಪಿಂಚಣಿ ನಿಂತಿದ್ದು, ರೇಷನ್ ಕಾರ್ಡ್ ರದ್ದಾಗಿದ್ದು, ಎಲ್ಲಾ ನನ್ನ ಹಂತೇಕನ ಬರ್ತಾವು. ಬಿ.ಎ. ಓದಿದ್ದಕ್ಕೆ ನಮ್ಮ ಕೇರಿ ನನ್ನಿಂದ ವಸೂಲಿ ಮಾಡ್ತಿರೋ ಬಡ್ಡಿ ಇದು, ಸಂತೋಷದಿಂದ ಕಟ್ತೇನಿ. ಹಾಗಾಗಿ ಈ ಪರಿಹಾರದ ದುಡ್ಡು ಯಾವ ದಾರಿ ಹಿಡಿದು ಎಲ್ಲಿಗೆ ಹೋಗ್ತದ ಅನ್ನೋದು ನನಗೆ ಕಾಗದದ ಮೇಲೆ ಕಾಣ್ತದ.

ದಾರಿ ಹಿಂಗ ಐತಿ. ಮೊದಲು ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಸರ್ವೆ ನಂಬರಿನ ಫೋಟೋ. ಆಮೇಲೆ ಗ್ರಾಮ ಆಡಳಿತಾಧಿಕಾರಿ (ನಮ್ಮವರ ಬಾಯಲ್ಲಿ ಇನ್ನೂ ತಲಾಟಿನೇ), ಕೃಷಿ ಸಹಾಯಕರು ಬಂದು ನೂರಕ್ಕೆ 33ಕ್ಕಿಂತ ಜಾಸ್ತಿ ಹಾನಿ ಆಗೈತೇನು ಅಂತ ನೋಡ್ತಾರ. ಆಗಿದ್ದರೆ ಪರಿಹಾರ ತಂತ್ರಾಂಶಕ್ಕೆ ಹೆಸರು ಏರ್ತದ. ಅಲ್ಲಿಂದ ಫ್ರೂಟ್ಸ್ ಐಡಿ ಹುಡುಕಿ ಆಧಾರ್ ಜೋಡಣೆಯಾದ ಖಾತೆಗೆ ದುಡ್ಡು. ಮಧ್ಯ ಯಾರ ಕೈಯೂ ಇಲ್ಲ, ದಲ್ಲಾಳಿ ಇಲ್ಲ ಅಂತ ಹೊಗಳ್ತಾರ. ನಾನೂ ಒಪ್ತೇನಿ, ಚೆಕ್ಕು ಹಂಚೋ ಕಾಲಕ್ಕೆ ಹೋಲಿಸಿದರೆ ಇದು ಸಾವಿರ ಪಾಲು ಚಲೋ. ಆದರೆ ಫ್ರೂಟ್ಸ್ ಐಡಿ ಹುಟ್ಟೋದು ಎಲ್ಲಿಂದ? ಪಹಣಿಯಿಂದ. ಪಹಣಿಯಲ್ಲಿ ಹೆಸರಿದ್ದವನೇ ರೈತ. ಹೊಲದಾಗ ಇದ್ದವ ರೈತ ಅಲ್ಲ.

ನಮ್ಮ ಕೇರಿಯ ಒಬ್ಬ ಕಾಕಾ ಈ ವರ್ಷ ನಾಲ್ಕು ಎಕರೆ ಲಾವಣಿ ಹಾಕಿಕೊಂಡಿದ್ದ. ಎಕರೆಗೆ 12 ಸಾವಿರದಂತೆ 48 ಸಾವಿರ, ಯುಗಾದಿಗೇ ಕೈಯಾಗ ಎಣಿಸಿ ಕೊಟ್ಟಾನ. ಅದರಾಗ ಅರ್ಧ ಬಡ್ಡಿ ಸಾಲ, ಅರ್ಧ ಮಗಳ ಕಿವಿಯಾನ ಬಂಗಾರ ಒತ್ತಿ ಇಟ್ಟಿದ್ದು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಎಡೆ ಹೊಡಿಸಿದ್ದು, ಎಣ್ಣಿ ಹೊಡಿಸಿದ್ದು ಬೇರೆ. ಹೊಲದ ಮಾಲೀಕರು ಹುಬ್ಬಳ್ಯಾಗ ಇರ್ತಾರ, ಮಕ್ಕಳು ಬೆಂಗಳೂರಾಗ. ಬೆಳೆ ಕೊಳೀತು. ಹೊಲಕ್ಕೆ ಸಮೀಕ್ಷೆಯವರು ಬಂದಾಗ ಕೊಳೆತ ಗಿಡ ಕಿತ್ತು ತೋರಿಸಿದವ ಕಾಕಾ. ಫೋಟೋದಾಗ ನಿಂತವನೂ ಅವನೇ.

ನಾಲ್ಕು ಎಕರೆ ಅಂದ್ರ 1.62 ಹೆಕ್ಟೇರ್. 17 ಸಾವಿರದ ಲೆಕ್ಕದಾಗ ಸುಮಾರು 27,500 ರೂಪಾಯಿ. ಪೂರ್ತಿ ಬಂದರೆ ಅದು ಮಾಲೀಕರ ಖಾತೆಗೆ. ಲಾವಣಿ 48 ಸಾವಿರ ಮೊದಲೇ ಬಂದೈತಿ. ಎರಡೂ ಕೂಡಿಸಿದ್ರ 75,500. ಬೆಳೆ ಹಾನಿಯಾದ ವರ್ಷ ಮಾಲೀಕರ ಆದಾಯ ಹೆಚ್ಚಾತು! ಬೆಳೆ ಬಂದಿದ್ದರ ಅವರಿಗೆ 48 ಸಾವಿರ ಅಷ್ಟೇ ಇರ್ತಿತ್ತು. ಕಾಕಾ ಹೋಗಿ ಕೇಳಿದ. "ಅದು ಸರ್ಕಾರ ನನ್ನ ಹೆಸರಿಗೆ ಕೊಟ್ಟದ್ದಪಾ, ನಾ ಏನು ಕೇಳಾಕ ಹೋಗಿದ್ನೇನು?" ಅಂದ್ರಂತ. ಅವರು ಕೆಟ್ಟವರಲ್ಲ ಮತ್ತ. ಮುಂದಿನ ವರ್ಷದ ಲಾವಣಿಯಾಗ ಎಕರೆಕ್ಕ ಸಾವಿರ ಕಡಿಮಿ ಮಾಡ್ತೇನಿ ಅಂತನೂ ಅಂದಾರ. ಕಾಕಾ ಅದಕ್ಕ ಕೈಮುಗಿದು ಬಂದಾನ. ನನಗ ಸಿಟ್ಟು ಬಂದಿದ್ದು ಆ ಕೈಮುಗಿದಿದ್ದಕ್ಕ.

ಈ ದುಡ್ಡಿಗೆ ಸರ್ಕಾರದ ಭಾಷೆಯಲ್ಲಿ ಏನಂತಾರ ಗೊತ್ತೇನು? ಇನ್‌ಪುಟ್ ಸಬ್ಸಿಡಿ. ಅಂದ್ರ ಬೀಜ ಗೊಬ್ಬರಕ್ಕೆ ಹಾಕಿದ ಖರ್ಚಿನ ಒಂದು ಪಾಲು ವಾಪಸ್ ಕೊಡೋದು, ಮುಂದಿನ ಬಿತ್ತನೆಗೆ ಆಸರೆ ಆಗಲಿ ಅಂತ. ಭೂಮಿಯ ಬಾಡಿಗೆ ಅಲ್ಲ ಅದು, ಒಡೆತನಕ್ಕೆ ಕೊಡೋ ಗೌರವಧನವೂ ಅಲ್ಲ. ಹಂಗಾದ್ರ ಬೀಜ ಹಾಕಿದವ ಯಾರು? ಈ ಪ್ರಶ್ನೆಗೆ ತಂತ್ರಾಂಶದಾಗ ಜಾಗ ಇಲ್ಲ.

ಇಲ್ಲಿ ಒಂದು ತಮಾಷೆ ನೋಡ್ರಿ. ತಂತ್ರಾಂಶದಾಗ ಜಾಗ ಇಲ್ಲ, ಪಹಣಿಯಾಗ ಐತಿ. ನಿಮ್ಮ ಮನೆಯಲ್ಲಿ ಯಾರದಾದರೂ ಉತಾರ ಇದ್ದರೆ ತೆಗೆದು ನೋಡ್ರಿ. ಕಾಲಂ 9 ಮಾಲೀಕರದ್ದು. ಕಾಲಂ 12ರಲ್ಲಿ ಸಾಗುವಳಿದಾರನ ಹೆಸರು ಮತ್ತು ಬೆಳೆಯ ವಿವರ. ಹೊಲ ಒಬ್ಬನದ್ದಿದ್ದು ಉಳೋನು ಇನ್ನೊಬ್ಬ ಇರ್ತಾನ ಅಂತ ತಿಳಿದೇ ಆ ಕಾಲಂ ಮಾಡ್ಯಾರ. ಈಗ ಅಲ್ಲಿ ಮಾಲೀಕನ ಹೆಸರೇ ಬರ್ತದ, ಇಲ್ಲಾಂದ್ರ "ಸ್ವಂತ" ಅಂತ. ಬೆಳೆ ಹೆಸರು ತುಂಬಾಕ ವರ್ಷಕ್ಕೆ ಮೂರು ಸಲ ಫೋಟೋ ಹೊಡೀತಾರ, ಬೆಳೆದವನ ಹೆಸರು ತುಂಬಾಕ ಒಂದು ಸಲನೂ ಕೇಳೂದಿಲ್ಲ. ಗಿಡಕ್ಕ ಇರೋ ಗುರುತು ಮನಷ್ಯಾಗ ಇಲ್ಲ.

ಯಾಕ ಇಲ್ಲ? ಕಾನೂನಿನ ಒಂದು ಕಥೆ ಐತಿ, ಹೇಳ್ಬೇಕು. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಕಾಲದಲ್ಲಿ ತಿದ್ದುಪಡಿ ಬಂತು. 1974ರ ಮಾರ್ಚ್ 1ಕ್ಕೆ ಗೇಣಿ ಪದ್ಧತಿ ರದ್ದು, ಉಳುವವನೇ ಹೊಲದೊಡೆಯ. ಫಾರಂ 7 ತುಂಬಿದವರು ಭೂ ನ್ಯಾಯಮಂಡಳಿಗೆ ಹೋದರು, ಎಷ್ಟೋ ಮಂದಿಗೆ ಭೂಮಿ ಸಿಕ್ತು. ದೊಡ್ಡ ಕೆಲಸ ಅದು, ಅರಸು ಅವರ ಹೆಸರು ತಗೊಂಡಾಗ ನಾನು ಈಗಲೂ ತಲೆ ಬಾಗಿಸ್ತೇನಿ. ಆದರೆ ಗೇಣಿದಾರ ಆಗಾಕೂ ಒಂದು ಯೋಗ್ಯತೆ ಬೇಕಿತ್ತಲ್ಲ? ಎತ್ತು ಬೇಕು, ನೇಗಿಲು ಬೇಕು, ಹೊಲ ಕೊಡಾಕ ಗೌಡ್ರಿಗೆ ನಂಬಿಕೆ ಬೇಕು. ನಮ್ಮ ಅಜ್ಜಂದಿರು ಗೇಣಿದಾರರಲ್ಲ, ಆಳುಗಳು. ಆಳಿಗೆ ಫಾರಂ 7 ಇರಲಿಲ್ಲ. ಹಳೇ ಮುಂಬೈ ಪ್ರಾಂತದ ಕಾಲದಿಂದ ಊರ ಚಾಕರಿಗೆ ಅಂತ ಬಂದಿದ್ದ ತುಂಡು ಭೂಮಿನೂ ಎಷ್ಟೋ ಮನೆಗಳಲ್ಲಿ ಅಡವು ಹೋಗಿ ಕೈತಪ್ಪಿತ್ತು.

ಆಮೇಲೆ ಏನಾಯ್ತು? ಕಾಯ್ದೆಯ 5ನೇ ಕಲಂ ಪ್ರಕಾರ ಹೊಲ ಲಾವಣಿ ಕೊಡೋದೇ ತಪ್ಪು. ಸೈನಿಕರು, ನಾವಿಕರಂಥವರಿಗೆ ಮಾತ್ರ ವಿನಾಯಿತಿ. ಕಾಗದದ ಮೇಲೆ ಲಾವಣಿ ಸತ್ತು 50 ವರ್ಷ ದಾಟ್ತು. ಊರಾಗ ನೋಡಿದ್ರ ಓಣಿಗೊಬ್ಬರು ಲಾವಣಿಯವರು, ಕೋರಿನವರು, ಪಾಲಿನವರು. ಮಕ್ಕಳು ಓದಿ ಪಟ್ಟಣ ಸೇರಿದ ಮನೆಗಳ ಹೊಲ ಯಾರು ಮಾಡ್ತಾರಂತ ತಿಳಿದೀರಿ? ಎಲ್ಲಾ ಬಾಯಿಮಾತು. ಚೀಟಿ ಬರೀರಿ ಅಂದ್ರ ಮಾಲೀಕ ಹೆದರ್ತಾನ, ನಾಳೆ ನೀ ಹೊಲ ನಂದು ಅಂದ್ರ? ಗೇಣಿದಾರನನ್ನ ಕಾಯಾಕ ಬಂದ ಕಾನೂನು ಇವತ್ತು ಗೇಣಿದಾರನನ್ನ ಮುಚ್ಚಿಡಾಕ ಬಳಕಿ ಆಗ್ತೈತಿ. 1974ರಲ್ಲಿ ಎತ್ತಿಲ್ಲದ್ದಕ್ಕ ಗೇಣಿದಾರ ಆಗಲಿಲ್ಲ, 2025ರಲ್ಲಿ ಗೇಣಿದಾರ ಆದ್ರ ಕಾನೂನಿನ್ಯಾಗ ಅವ ಇಲ್ಲವೇ ಇಲ್ಲ.

ಈ ಕಾಣದಿರೋದು ಬರೀ ಬೆಳೆ ಪರಿಹಾರಕ್ಕೆ ಸೀಮಿತ ಅಲ್ಲ. ಪಿಎಂ ಕಿಸಾನ್ ವರ್ಷಕ್ಕೆ 6,000, ಭೂಮಿ ಇದ್ದ ಕುಟುಂಬಕ್ಕೆ. ಬೆಳೆಸಾಲ ಭೂಮಿ ಮೇಲೆ, ಹಂಗಾಗಿ ಸಾಲಮನ್ನಾನೂ ಭೂಮಿ ಇದ್ದವರಿಗೆ. ಫಸಲ್ ಬಿಮಾದಾಗ ಲಾವಣಿದಾರರಿಗೂ ಅವಕಾಶ ಐತಿ ಅಂತ ಬರೆದಾರ, ಆದ್ರ ಲಾವಣಿ ದಾಖಲೆ ತಾ ಅಂತಾರ. ಒಂದು ಕೈ ಲಾವಣಿ ಅಪರಾಧ ಅಂತದ, ಇನ್ನೊಂದು ಕೈ ಲಾವಣಿ ಪತ್ರ ಕೇಳ್ತದ.

ಈಗ ಲಾವಣಿನೂ ಹಾಕಲಾರದವರ ಮಾತಿಗೆ ಬರ್ತೇನಿ. ನಮ್ಮ ಕೇರಿಯಲ್ಲಿ ಅವರೇ ಜಾಸ್ತಿ.

ನಮ್ಮ ವೈನಿ ಓದಿದಾಕಿ ಅಲ್ಲ, ಆದರೆ ಗೋಡೆ ಕ್ಯಾಲೆಂಡರಿನ್ಯಾಗ ಕೂಲಿ ಹೋದ ದಿನಕ್ಕ ಒಂದೊಂದು ಗೆರಿ ಎಳಿತಾಳ. ವಾರದ ಕೊನೆಗೆ ಗೆರಿ ಎಣಿಸಿ ಪಗಾರ ತಗೊಳ್ಳೋ ಪದ್ಧತಿ. ಹೋದ ವರ್ಷ ಆಗಸ್ಟ್, ಸೆಪ್ಟೆಂಬರ್ ಎರಡೂ ತಿಂಗಳು ಕೂಡಿ 34 ಗೆರಿ. ಹೆಸರು ಬಿಡಿಸಿದ್ದು, ಹತ್ಯಾಗ, ಮೆಣಸಿನಕಾಯ್ಯಾಗ ಕಸ ತೆಗೆದದ್ದು. ಈ ವರ್ಷ ಅದೇ ಎರಡು ತಿಂಗಳಾಗ 9 ಗೆರಿ. 25 ದಿನ ಕೆಲಸ ಹೋತು. 300 ರೂಪಾಯಿ ಕೂಲಿ ಹಿಡಿದರ 7,500. ಹೊಲದಾಗ ನೂರಕ್ಕೆ 33 ಹಾನಿ ದಾಟಿದ್ರ ಪರಿಹಾರ ಕೊಡ್ತೀರಲ್ಲ, ಈಕಿ ಹಾನಿ ನೂರಕ್ಕೆ 73. ಯಾವ ಆ್ಯಪಿನಾಗ ಏರಿಸ್ತೀರಿ? ಆ ಕ್ಯಾಲೆಂಡರ್ ಫೋಟೋ ನಾ ಹೊಡೆದು ಇಟ್ಟೇನಿ. ಜಿಪಿಎಸ್ ಲೊಕೇಶನ್ ಬೇಕಂದ್ರ ಅದೂ ಹಾಕ್ತೇನಿ.

"ನರೇಗಾ ಐತಲ್ಲ" ಅಂತಾರ ಕೆಲವರು. ಎರಿ ಮಣ್ಣು ನೋಡದವರ ಮಾತು ಅದು. ಮಳೆ ಹಿಡಿದಾಗ ಎರಿ ಹೊಲದಾಗ ಬದು ಕಡಿಯಾಕ ಆಗ್ತದೇನು? ಬೆಣ್ಣಿಹಳ್ಳ ತುಂಬಿ ಹರಿಯುವಾಗ ಹಳ್ಳದ ಹೂಳು ತೆಗೀತೀರೇನು? ಬೇಸಿಗ್ಯಾಗ ಸಿಗೋ ಕೆಲಸ ಬೇಸಿಗಿ ಹಸಿವಿಗೆ. ಆಗಸ್ಟ್ ಹಸಿವು ಬೇರೆ. ಆಗ ಉಳಿಯೋ ದಾರಿ ಸ್ವಸಹಾಯ ಸಂಘದ ಸಾಲ, ಮೈಕ್ರೋ ಫೈನಾನ್ಸು, ಇಲ್ಲಾಂದ್ರ ಗೋವಾ ಬಸ್ಸು.

ಈಗ ನಾ ಹೇಳೋದನ್ನ ದಯವಿಟ್ಟು ನಿಧಾನಕ್ಕೆ ಓದ್ರಿ, ಯಾಕಂದ್ರ ನಮ್ಮ ಹೋರಾಟಗಾರರಲ್ಲೂ ಭಾಳ ಮಂದಿಗೆ ಇದು ಗೊತ್ತಿಲ್ಲ. ಕೂಲಿಯವರಿಗೆ ಪರಿಹಾರ ಕೊಡಾಕ ನಿಯಮ ಇಲ್ಲ ಅಂತ ಅಧಿಕಾರಿಗಳು ಹೇಳ್ತಾರಲ್ಲ, ಅದು ಅರ್ಧ ಸತ್ಯ. 2022ರಿಂದ 2026ರ ತನಕ ಅಂತ ಮಾಡಿದ ಕೇಂದ್ರದ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿ, ಅಂದ್ರ ಹೆಕ್ಟೇರಿಗೆ 8,500 ಅಂತ ಬರೆದಿರೋ ಅದೇ ಪಟ್ಟಿ, ಅದರಲ್ಲಿ ಇನ್ನೊಂದು ಸಾಲು ಐತಿ. ವಿಪತ್ತಿನಿಂದ ಜೀವನೋಪಾಯಕ್ಕೆ ತೀವ್ರ ಧಕ್ಕೆಯಾದ ಕುಟುಂಬಕ್ಕೆ ನೆರವು. ಕುಟುಂಬದ ಇಬ್ಬರು ವಯಸ್ಕರಿಗೆ, ನರೇಗಾ ಕೂಲಿ ದರದಲ್ಲಿ. ಕರ್ನಾಟಕದಲ್ಲಿ 2025-26ಕ್ಕೆ ನರೇಗಾ ಕೂಲಿ 370 ಇತ್ತು. ಇಬ್ಬರಿಗೆ ದಿನಕ್ಕೆ 740, ಒಂದು ತಿಂಗಳಿಗೆ ಲೆಕ್ಕ ಹಾಕಿದ್ರ 22,200 ರೂಪಾಯಿ. ಆ ಸಾಲಿನಲ್ಲಿ ಇರೋ ಶಬ್ದ ಕುಟುಂಬ, ಜೀವನೋಪಾಯ. ಪಹಣಿ ಅಲ್ಲ. ಫಲಾನುಭವಿಗಳನ್ನ ಗುರುತಿಸೋ ಕೆಲಸ ರಾಜ್ಯದ್ದು.

ನಮ್ಮ ರಾಜ್ಯಕ್ಕೆ ಆ ಸಾಲು ಗೊತ್ತಿಲ್ಲ ಅಂತ ತಿಳೀಬ್ಯಾಡ್ರಿ. ಭಾಳ ಚಲೋ ಗೊತ್ತೈತಿ. 2023ರ ಬರ ನೆನಪಿದೆಯಲ್ಲ? 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಗಿತ್ತು. ರಾಜ್ಯ ಕೇಂದ್ರಕ್ಕೆ ಕೇಳಿದ್ದು 18,171.44 ಕೋಟಿ. ಕೊಡದಿದ್ದಕ್ಕೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೂ ಹೋಯ್ತು. ಆ 18,171 ಕೋಟಿಯ ಒಡಲು ಬಿಚ್ಚಿ ನೋಡ್ರಿ. ಬೆಳೆಹಾನಿಗೆ 4,663.12 ಕೋಟಿ. ಕುಡಿಯುವ ನೀರಿಗೆ 566.78. ದನಕರುಗಳಿಗೆ 363.68. ಉಳಿದ 12,577.86 ಕೋಟಿ ಯಾವ ತಲೆಬರಹದಲ್ಲಿ ಕೇಳಿದ್ರು? ಇದೇ, ಜೀವನೋಪಾಯಕ್ಕೆ ಧಕ್ಕೆಯಾದ ಕುಟುಂಬಗಳ ನೆರವು. ಕೇಳಿದ್ದರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ!

ಏಪ್ರಿಲ್‌ನಲ್ಲಿ ಕೇಂದ್ರ ಬಿಟ್ಟಿದ್ದು 3,454 ಕೋಟಿ. ಜೀವನೋಪಾಯದ ದುಡ್ಡು ಕೊಡಲಿಲ್ಲ ಅಂತ ರಾಜ್ಯವೇ ಹೇಳಿತು. ಕೇಂದ್ರದ ಈ ಜುಗ್ಗತನಕ್ಕೆ ನನ್ನ ಕಡೆಯಿಂದ ಯಾವ ರಿಯಾಯ್ತಿಯೂ ಇಲ್ಲ. ತೆರಿಗೆ ತಗೊಳ್ಳುವಾಗ ಒಕ್ಕೂಟ, ಕೊಡುವಾಗ ಉಪಕಾರ. ಆದರೆ ಆಮೇಲೆ ರಾಜ್ಯ ತನ್ನ ಕಡೆಯಿಂದ ಜೀವನೋಪಾಯದ ಹೆಸರಿನಲ್ಲೇ 3,000 ರೂಪಾಯಿ ತನಕ ಕೊಟ್ಟಿತಲ್ಲ, ಯಾರಿಗೆ? ಸುಮಾರು 17 ಲಕ್ಷ ಸಣ್ಣ, ಅತಿಸಣ್ಣ ಮಳೆಯಾಶ್ರಿತ ರೈತ ಕುಟುಂಬಗಳಿಗೆ. ಅವರಿಗೆ ಕೊಟ್ಟದ್ದು ತಪ್ಪಲ್ಲ, ಅವರಲ್ಲಿ ನಮ್ಮವರೂ ಅದಾರ. ಆದರೆ ಅಲ್ಲೂ ಸೋಸುವ ಜರಡಿ ಪಹಣಿಯದ್ದೇ. ದಿಲ್ಲಿಯಲ್ಲಿ ಅರ್ಜಿ ಹಾಕುವಾಗ ಜೀವನೋಪಾಯ ಕಳಕೊಂಡ ಕುಟುಂಬ ಅಂತ ನಮ್ಮ ಹಸಿವನ್ನೂ ಸೇರಿಸಿ ಎಣಿಸೋ ಹಂಗ ಬರೀತೀರಿ, ಹಂಚುವಾಗ ಹೊಲ ಎಲ್ಲಿ ಐತಿ ತೋರಿಸು ಅಂತೀರಿ. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಲೆಕ್ಕ ತಿಳಿದ ಮಂತ್ರಿ ಅಂತ ಹೆಸರು ಮಾಡ್ಯಾರ, ದಾಖಲೆಗಳ ವಿಷಯದಲ್ಲಿ ನಿಜಕ್ಕೂ ಕೆಲಸ ನಡೆದಿದೆ. ಅವರೇ ಈ ಪ್ರಶ್ನೆಗೆ ಉತ್ತರ ಕೊಡಲಿ. ಭೂಮಿ ಇಲ್ಲದ ಕುಟುಂಬಕ್ಕೆ ಜೀವನೋಪಾಯ ಇಲ್ಲೇನು?

ಮನೆ ವಿಷಯ ಚುಟುಕಾಗಿ ಹೇಳ್ತೇನಿ, ಅದೇ ಒಂದು ಪೋಸ್ಟ್ ಆಗ್ತದ. 2019ರ ಆಗಸ್ಟ್ ನೆರೆಯಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಆಗಿನ ಯಡಿಯೂರಪ್ಪ ಸರ್ಕಾರ ಘೋಷಿಸಿತು. ಒಳ್ಳೆ ಮೊತ್ತ, ಇಲ್ಲ ಅನ್ನೂದಿಲ್ಲ. ಆದರೆ ಎ, ಬಿ, ಸಿ ಅಂತ ಮೂರು ವರ್ಗ. ಸಿ ಅಂದ್ರ 50 ಸಾವಿರ. ನಮ್ಮ ಕೇರಿಗಳು ಎಲ್ಲಿರ್ತಾವ? ಊರ ತಗ್ಗಿನ್ಯಾಗ, ಹಳ್ಳದ ಬಾಜೂಕ. ಹಿರಿಯರು ಆರಿಸಿಕೊಂಡ ಜಾಗ ಅಲ್ಲ ಅದು, ಊರು ತಳ್ಳಿದ ಜಾಗ. ನೀರು ಮೊದಲು ಬರೋದು ಅಲ್ಲಿಗೆ, ಎಂಜಿನಿಯರ್ ಕೊನೆಗೆ ಬರೋದೂ ಅಲ್ಲಿಗೆ. ಮಣ್ಣಿನ ಗೋಡಿ ನೆನೆದು ಎರಡು ವಾರಕ್ಕ ಬೀಳ್ತದ, ಫೋಟೋ ಮಾತ್ರ ಮೊದಲ ವಾರ ಹೊಡೆದಿರ್ತಾರ. ಗೋಡಿ ನಿಂತಿದ್ರ ಸಿ. ಜಾಗದ ಹಕ್ಕುಪತ್ರ ಇಲ್ಲಾಂದ್ರ ಅದೂ ತಕರಾರು. ಮನೆ ಬಿದ್ದಿದ್ದು ಕಣ್ಣಿಗೆ ಕಾಣ್ತದ, ಆದ್ರ ಕಾಗದದಾಗ ಆ ಮನೆ ಇರಲೇ ಇಲ್ಲ, ಹಂಗಾದ್ರ ಬೀಳೋದು ಹೆಂಗ?

ಕುರಿ ಕೋಳಿದೂ ಇಷ್ಟೇ. ಆ ಮಾರ್ಗಸೂಚಿಯಲ್ಲಿ ಕುರಿ ಮೇಕೆಗೆ 4,000, ಹೈನದ ದನಕ್ಕೆ 37,500 ಇತ್ತು. ಮರಣೋತ್ತರ ಪರೀಕ್ಷೆಯ ಕಾಗದ ಬೇಕು. ಕುತ್ತಿಗೆ ಮಟ ನೀರಿದ್ದಾಗ ಹಳ್ಳದಾಗ ಹರಿದು ಹೋದ ಮೇಕೆಯ ಹೆಣ ಎಲ್ಲಿಂದ ತರೋದು? ಕೈಕಸುಬಿನವರಿಗೆ ಸಾಮಾನು ಹಾಳಾದ್ರ 5,000, ಕಚ್ಚಾ ಮಾಲಿಗೆ 5,000 ಅಂತನೂ ಅದರಾಗ ಬರೆದೈತಿ. ಚಪ್ಪಲಿ ಹೊಲಿಯೋ ಸಮಗಾರರಿಗೆ, ಬುಟ್ಟಿ ಹೆಣೆಯೋ ಕೊರವರಿಗೆ ಇದನ್ನ ಯಾರಾದರೂ ಹೇಳ್ಯಾರೇನು? ನಾ ಹೇಳಿದಾಗ ಒಬ್ಬ ಹಿರಿಯರು ನಕ್ಕರು. ತಮ್ಮಾ, ನಮ್ಮ ಕಸುಬಿಗೆ ಸರ್ಕಾರದಾಗ ಹೆಸರೈತಾ ಅಂದ್ರು.

ಇದನ್ನೆಲ್ಲ ಬರೆದಾಗ ರೈತ ಸಂಘದ ಗೆಳೆಯರಿಗೆ ಬೇಜಾರಾಗ್ತದ ಅಂತ ಗೊತ್ತು. "ರೈತರನ್ನ ಒಡೀಬ್ಯಾಡ್ರಿ, ಎಲ್ಲರೂ ಕೂಡಿ ಹೆಚ್ಚಿನ ಪರಿಹಾರ ಕೇಳೋಣ" ಅಂತಾರ. ಅವರ ಮೇಲೆ ನನಗೆ ಗೌರವ ಐತಿ. ನಮ್ಮ ನವಲಗುಂದದ ಮಣ್ಣಿನಲ್ಲಿ 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು, ಜೀವ ಹೋದವು. ಪ್ರತಿ ವರ್ಷ ಅವತ್ತು ವೀರಗಲ್ಲಿಗೆ ಮಾಲೆ ಬೀಳ್ತದ. ನಮ್ಮ ಕೇರಿಯವರೂ ಆ ಮೆರವಣಿಗೆಯಲ್ಲಿ ನಡೆದಿದ್ರು ಅಂತ ಹಿರಿಯರು ಹೇಳ್ತಾರ. ನೀರಾವರಿ ಕರ ಅವರು ಕಟ್ಟಬೇಕಾಗಿರಲಿಲ್ಲ, ಹೊಲನೇ ಇರಲಿಲ್ಲ. ಆದರೂ ನಡೆದ್ರು. ಕಳಸಾ ಬಂಡೂರಿಗೂ ನಾವು ಬಂದೀವಿ, ಡಪ್ಪು ಹೊಡೆದೀವಿ, ಲಾಠಿನೂ ತಿಂದೀವಿ. ಆ ಎಲ್ಲಾ ವರ್ಷಗಳಲ್ಲಿ ನಿಮ್ಮ ಮನವಿಪತ್ರದಲ್ಲಿ ಕೂಲಿಯವರ ಬಗ್ಗೆ ಒಂದು ಸಾಲು ಹುಡುಕಿ ತೋರಿಸ್ರಿ. ತಹಶೀಲ್ದಾರರಿಗೆ ಕೊಡುವ ಮನವಿಯಲ್ಲಿ ಎಕರೆಗೆ ಇಷ್ಟು ಅಂತ ಇರ್ತದ, ದಿನಕ್ಕೆ ಇಷ್ಟು ಅಂತ ಇರೂದಿಲ್ಲ. ಒಗ್ಗಟ್ಟು ಅಂದ್ರ ನಿಮ್ಮ ಹೊಲದ ಬದುವಿನ ತನಕ ಮಾತ್ರಾ?

ಇನ್ನೊಂದು ಉತ್ತರ ಸರ್ಕಾರದ ಕಡೆಯಿಂದ ಬರ್ತದ. ಕೂಲಿಯವರನ್ನ ಹೆಂಗ ಗುರುತಿಸೋದು, ಎಲ್ಲರೂ ನಾನೂ ಕೂಲಿ ಅಂತ ಬಂದ್ರ? ಇದನ್ನ ಕೇಳಿದಾಗ ನನಗ ಖರೇನ ನಗು ಬರ್ತದ. ಗೃಹಲಕ್ಷ್ಮಿಯಲ್ಲಿ ಕೋಟಿಗಟ್ಟಲೆ ಹೆಣ್ಣುಮಕ್ಕಳ ಖಾತೆಗೆ ತಿಂಗಳಾ ಎರಡೆರಡು ಸಾವಿರ ಹಾಕೋ ಸರ್ಕಾರ ಇದು. ರೇಷನ್ ಕಾರ್ಡ್, ಆಧಾರ್, ಬ್ಯಾಂಕು ಮೂರೂ ಜೋಡಿಸಿ ಆಗೈತಿ. ನರೇಗಾ ಜಾಬ್ ಕಾರ್ಡಿನಲ್ಲಿ ಹಿಂದಿನ ವರ್ಷ ಯಾರು ಎಷ್ಟು ದಿನ ದುಡಿದ್ರು ಅನ್ನೋ ಹಾಜರಿ ಐತಿ. ಪಹಣಿ ಇಲ್ಲದ, ಜಾಬ್ ಕಾರ್ಡ್ ಇರೋ ಕುಟುಂಬ ಯಾವುದು ಅಂತ ಕಂಪ್ಯೂಟರಿಗೆ ಕೇಳಿದ್ರ ಸಂಜಿಯೊಳಗ ಪಟ್ಟಿ ಕೊಡ್ತದ. ಗೃಹಲಕ್ಷ್ಮಿ ಕೊಡ್ತೀವಲ್ಲ, ಮತ್ತೇನು ಅನ್ನೋರಿಗೂ ಒಂದು ಮಾತು. ಭೂಮಿ ಇದ್ದವರ ಮನೆಗೂ ಗೃಹಲಕ್ಷ್ಮಿ ಬರ್ತದ, ಆದರೂ ಅವರಿಗೆ ಬೆಳೆ ಪರಿಹಾರ ಬ್ಯಾರೇನೇ ಕೊಡ್ತೀರಿ. ಅದು ನ್ಯಾಯ ಆದ್ರ ಇದೂ ನ್ಯಾಯ.

ಬೇರೆ ರಾಜ್ಯಗಳಲ್ಲಿ ಆಗಿಲ್ಲದ್ದನ್ನ ನಾವು ಕೇಳ್ತಿಲ್ಲ. ಪಂಜಾಬಿನಲ್ಲಿ 2021ರಲ್ಲಿ ಗುಲಾಬಿ ಕಾಯಿಕೊರಕ ಹುಳದಿಂದ ಹತ್ತಿ ಹಾಳಾದಾಗ, ರೈತರ ಪರಿಹಾರದ ಜತೆ ಅದರ ನೂರಕ್ಕೆ 10ರಷ್ಟನ್ನು ಹತ್ತಿ ಬಿಡಿಸುವ ಕೂಲಿಯವರಿಗೆ ಅಂತ ಘೋಷಣೆ ಮಾಡಿದ್ರು. ಹಂಚಿಕೆ ಸರಿಯಾಗಲಿಲ್ಲ ಅಂತ ಅಲ್ಲಿನ ಕೂಲಿ ಸಂಘಟನೆಗಳು ಬೀದಿಗಿಳಿದವು, ಅದು ಬ್ಯಾರೆ ಮಾತು. ಕೂಲಿಯವರಿಗೂ ಬೆಳೆಹಾನಿ ಆಗ್ತದ ಅಂತ ಒಂದು ಸರ್ಕಾರ ಒಪ್ಪಿಕೊಂಡಿತಲ್ಲ. ಒಡಿಶಾದವರು 2018ರ ಕೊನೆಗೆ ತಂದ ಕಾಲಿಯಾ ಯೋಜನೆಯಲ್ಲಿ ಪಾಲಿಗೆ ಮಾಡುವವರನ್ನೂ ಸೇರಿಸಿದ್ರು, ಭೂರಹಿತ ಕುಟುಂಬಕ್ಕೆ ಮೇಕೆ, ಕೋಳಿ ಸಾಕಾಕ 12,500 ಇಟ್ರು. ಛತ್ತೀಸಗಡ 2021ರಲ್ಲಿ ಭೂರಹಿತ ಕೃಷಿ ಕೂಲಿಗಳಿಗೇ ಅಂತ ಯೋಜನೆ ಮಾಡಿತು. ಪಕ್ಕದ ತೆಲಂಗಾಣ 2025ರ ಜನವರಿ 26ರಿಂದ ವರ್ಷಕ್ಕೆ 12,000 ಅಂತ ಶುರು ಮಾಡಿತು. ಸಾಮಾಜಿಕ ನ್ಯಾಯದ ಮಾತಿನಲ್ಲಿ ನಮ್ಮ ಸರ್ಕಾರ ಇವರೆಲ್ಲರಿಗಿಂತ ಮುಂದೈತಿ. ಮಾತಿನ್ಯಾಗ.

ಲಾವಣಿದಾರರಿಗೆ ಆಂಧ್ರದಲ್ಲಿ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ಬಂತು. 11 ತಿಂಗಳ ಕಾರ್ಡು, ಭೂಮಿ ಮೇಲೆ ಯಾವ ಹಕ್ಕೂ ಹುಟ್ಟೂದಿಲ್ಲ, ಬೆಳೆ ಮೇಲೆ ಮಾತ್ರ. ಅಲ್ಲೂ ಕೊಕ್ಕೆ ಐತಿ, ಮಾಲೀಕನ ಸಹಿ ಬೇಕು, ಮಾಲೀಕ ಹಾಕೂದಿಲ್ಲ. ಅದಕ್ಕ ನಮ್ಮಲ್ಲಿ ಮಾಡೋದಾದರೆ ಸಹಿ ಬದಲು ಬಾಜೂ ಹೊಲದ ನಾಲ್ಕು ಮಂದಿಯ ಪಂಚನಾಮೆ ಸಾಕು ಅಂತ ಮಾಡ್ರಿ. ಹೊಲ ಯಾರು ಮಾಡ್ತಾರ ಅನ್ನೋದು ಊರಾಗ ಗುಟ್ಟೇನಲ್ಲ, ತಲಾಟಿಗೂ ಗೊತ್ತಿರ್ತದ. ನೀತಿ ಆಯೋಗ 2016ರಲ್ಲಿ ಮಾದರಿ ಲಾವಣಿ ಕಾಯ್ದೆ ಬರೆದು ಕೊಟ್ಟೈತಿ, ಅದನ್ನೇ ತನ್ನಿ ಅನ್ನೋರಿಗೆ ನಾನು ಕೈ ಎತ್ತೂದಿಲ್ಲ. 2020ರಲ್ಲಿ 79ಎ, 79ಬಿ ಕಿತ್ತು ರೈತರಲ್ಲದವರೂ ಹೊಲ ಕೊಳ್ಳೋ ಹಂಗ ಮಾಡ್ಯಾರ. ಅದರ ಮೇಲೆ ಲಾವಣಿಯನ್ನೂ ಪೂರ್ತಿ ಬಿಚ್ಚಿದ್ರ ನಾಲ್ಕು ಎಕರೆ ಹಿಡಿಯಾಕ ನಮ್ಮ ಕಾಕಾ ಕಂಪನಿ ಜೋಡಿ ಪೈಪೋಟಿ ಮಾಡಬೇಕಾಗ್ತದ. ನಮಗ ಬೇಕಾಗಿರೋದು ಒಂದೇ: ಕಾಲಂ 12 ಖರೇ ಹೇಳಬೇಕು.

ಬಾಬಾಸಾಹೇಬರು 1937ರ ಸೆಪ್ಟೆಂಬರ್ 17ರಂದು ಮುಂಬೈ ಶಾಸನಸಭೆಯಲ್ಲಿ ಖೋತಿ ಪದ್ಧತಿ ರದ್ದು ಮಾಡುವ ಮಸೂದೆ ತಂದಾಗ, ನಮ್ಮ ಧಾರವಾಡ ಜಿಲ್ಲೆಯೂ ಅದೇ ಪ್ರಾಂತದಲ್ಲಿತ್ತು. ಕೊಂಕಣದ ಗೇಣಿದಾರರಿಗಾಗಿ ಮಾಡಿದ ಹೋರಾಟ ಅದು, ಆ ಗೇಣಿದಾರರಲ್ಲಿ ಎಲ್ಲಾ ಜಾತಿಯವರೂ ಇದ್ದರು. ಹತ್ತು ವರ್ಷದ ಮೇಲೆ 'ಪ್ರಭುತ್ವ ಮತ್ತು ಅಲ್ಪಸಂಖ್ಯಾತರು' ಬರೆಯುವಾಗ ಅವರು ಇನ್ನೂ ಮುಂದೆ ಹೋಗಿ, ಭೂಮಿ ರಾಜ್ಯದ ಕೈಯಲ್ಲಿದ್ದು ಊರಿನವರೆಲ್ಲ ಜಾತಿಭೇದ ಇಲ್ಲದೆ ಕೂಡಿ ಉಳಬೇಕು ಅಂತ ಕೇಳಿದ್ರು. ನಾವು ಅವರ ಫೋಟೋ ಹಿಡಿದು ಏಪ್ರಿಲ್ 14ಕ್ಕೆ ಡಿಜೆ ಹಚ್ತೀವಿ. ತಹಶೀಲ್ದಾರ್ ಕಚೇರಿ ಮುಂದೆ ಪಹಣಿಯ ಒಂದು ಕಾಲಂ ಬಗ್ಗೆ ಕೂಗಾಕ ಹದಿನೈದು ಮಂದಿ ಸೇರೂದಿಲ್ಲ. ಸಿಟ್ಟಾಗ್ರಿ ನನ್ನ ಮ್ಯಾಲೆ, ಪರವಾಗಿಲ್ಲ.

ಈಗ ಕೆಲಸದ ಮಾತು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ನಾಲ್ಕೂ ತಾಲ್ಲೂಕಿನ ಗೆಳೆಯರು ನಿಮ್ಮೂರಿನ ಪಟ್ಟಿ ಮಾಡ್ರಿ. ಲಾವಣಿ, ಕೋರು ಮಾಡಿ ಈ ಸಲ ಬೆಳೆ ಕಳಕೊಂಡವರು ಎಷ್ಟು ಮಂದಿ, ಎಷ್ಟು ಎಕರೆ, ಯಾವ ಬೆಳೆ. ಮಾಲೀಕರ ಹೆಸರು ಬರೀಬ್ಯಾಡ್ರಿ, ಸರ್ವೆ ನಂಬರೂ ಬ್ಯಾಡ, ಮುಂದಿನ ವರ್ಷ ಅವರಿಗೆ ಹೊಲ ತಪ್ಪೀತು. ಕಲಘಟಗಿ ಕಡೆಯವರು ಸೋಯಾ, ಗೋವಿನಜೋಳ, ಭತ್ತದ್ದನ್ನ ಬೇರೆ ಬೇರೆ ಬರೀರಿ. ಕೂಲಿಯವರದ್ದು, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಹೋದ ವರ್ಷ ಎಷ್ಟು ದಿನ ಕೆಲಸ, ಈ ವರ್ಷ ಎಷ್ಟು ದಿನ. ಜಾಬ್ ಕಾರ್ಡ್ ಐತೋ ಇಲ್ಲೋ. ಹೆಣ್ಣುಮಕ್ಕಳ ಹಂತೇಕ ಹೆಣ್ಣುಮಕ್ಕಳೇ ಹೋಗಿ ಕೇಳಿದ್ರ ಲೆಕ್ಕ ಸರಿ ಸಿಗ್ತದ, ಗಂಡಸರು ದಿನ ಜಾಸ್ತಿ ಹೇಳ್ತಾರ. ಗೋಡೆ ಮೇಲೆ, ಕ್ಯಾಲೆಂಡರಿನ ಮೇಲೆ, ಹಳೇ ನೋಟ್‌ಬುಕ್ಕಿನ್ಯಾಗ ಗೆರಿ ಎಳೆದವರು ಇದ್ರ ಅದರ ಫೋಟೋ ಹೊಡೀರಿ, ದಿನಾಂಕ ಕಾಣಬೇಕು. ತಿಂಗಳ ಕೊನೆಯೊಳಗ ನನಗ ಮುಟ್ಟಿಸ್ರಿ. ಸಂಜೆ ಏಳರ ಮ್ಯಾಲೆ ನಾನು ಮನ್ಯಾಗ ಇರ್ತೇನಿ, ಟೈಪ್ ಮಾಡೋ ಕೆಲಸ ನಂದು. ಮನವಿ ಜೋಡಿ ಆ ಫೋಟೋಗಳನ್ನ ಪ್ರಿಂಟ್ ತೆಗೆದು ಜಿಲ್ಲಾಧಿಕಾರಿಗಳ ಟೇಬಲ್ ಮ್ಯಾಲೆ ಇಡೋಣ.

ಜೈ ಭೀಮ್.